ಸಂಬಳ ತಗೊಳ್ಳಿ ಅಂದೆ

ನಿದ್ದೆ ಬರುತ್ತಿಲ್ಲ ಅಂತ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವವರಲ್ಲಿ ಒಂದು ಬಗೆಯವರು ಈಚೆಗೆ ಜಾಸ್ತಿಯಾಗಿದ್ದಾರೆ. ವಯಸ್ಸು ನಲವತ್ತು ದಾಟಿರುತ್ತದೆ. ಹಿಂದೆ ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ಒಳ್ಳೆ ಕೆಲಸ ಇತ್ತು. ಅದನ್ನ ಬಿಟ್ಟು ಟ್ರಸ್ಟ್ ಶುರು ಮಾಡಿದ್ದಾರೆ. ಹಳ್ಳಿ ಶಾಲೆ, ಬಾಣಂತಿಯರ ಆರೋಗ್ಯ, ಅಂತರ್ಜಲ, ಹೀಗೆ ಏನೋ ಒಂದು ಕಾಳಜಿ. ಅದಕ್ಕೆ ತಮಗೆ ಗೊತ್ತಿರುವ ತಂತ್ರಜ್ಞಾನವನ್ನ ಜೋಡಿಸಿದ್ದಾರೆ. ಕೆಲಸ ಚೆನ್ನಾಗಿಯೇ ನಡೆದಿರುತ್ತದೆ. ಪೇಪರ್‌ನಲ್ಲಿ ಬಂದಿರುತ್ತದೆ, ಒಂದೆರಡು ಪ್ರಶಸ್ತಿಯೂ ಸಿಕ್ಕಿರುತ್ತದೆ. ಮನುಷ್ಯ ಮಾತ್ರ ಸೊರಗಿರುತ್ತಾರೆ. ಆಫೀಸಿನಲ್ಲಿ ಯಾರನ್ನೂ ನಂಬೋಕೆ ಆಗ್ತಿಲ್ಲ ಅನ್ನುತ್ತಾರೆ. ಮನೆಯಲ್ಲಿ ಮಾತು ಕಮ್ಮಿಯಾಗಿದೆ. ರಾತ್ರಿ ಎರಡು ಗಂಟೆಗೆ ಎದ್ದು ಲ್ಯಾಪ್‌ಟಾಪ್ ತೆಗೆದು ಕೂರುತ್ತಾರೆ.

ಅಂಥ ಒಬ್ಬರ ಪ್ರಕರಣ ಇದು. ಬರೆಯಲು ಅವರ ಒಪ್ಪಿಗೆ ಇದೆ. ಊರು, ವಯಸ್ಸು, ಕೆಲಸದ ಕೆಲವು ವಿವರಗಳನ್ನ ಬದಲಿಸಿದ್ದೇನೆ. ಹೆಸರಿನ ಗೊಡವೆ ಬೇಡ, ಸ್ಥಾಪಕರು ಅಂತಲೇ ಕರೆಯುತ್ತೇನೆ. ಇಂಥದ್ದೇ ಕಥೆ ಮತ್ತೆ ಮತ್ತೆ ಬರುತ್ತಿದೆ ಅನ್ನೋದು ಬರೆಯಲು ಒಂದು ಕಾರಣ. ನಾನು ಕೊಟ್ಟ ಸಲಹೆಗೆ ನನ್ನ ವೃತ್ತಿಯವರೇ ತಕರಾರು ತೆಗೆದರು ಅನ್ನೋದು ಇನ್ನೊಂದು.

ಹಿನ್ನೆಲೆ ಇಷ್ಟು. ಸರ್ಕಾರಿ ಕನ್ನಡ ಶಾಲೆಯ ಚಿಕ್ಕ ಮಕ್ಕಳು ಟ್ಯಾಬ್ ನೋಡಿಕೊಂಡು ಗಟ್ಟಿಯಾಗಿ ಓದುತ್ತಾರೆ. ತಪ್ಪಿದ ಕಡೆ ಆ್ಯಪ್ ತೋರಿಸುತ್ತದೆ. ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಸ್ಥಾಪಕರು ಇದನ್ನ ಮನೆಯ ಮುಂದಿನ ಕೋಣೆಯಲ್ಲಿ ಕೂತು ಶುರು ಮಾಡಿದವರು. ಈಗ ಮೂವತ್ತರ ಆಸುಪಾಸು ಸಿಬ್ಬಂದಿ ಇದ್ದಾರೆ. ಎಲ್ಲರೂ ಅವರನ್ನ ಅಣ್ಣ ಅನ್ನುತ್ತಾರೆ. ಟ್ರಸ್ಟಿಗಳು ಮೂವರು: ಅವರು, ಅವರ ಹೆಂಡತಿ, ಮತ್ತೆ ಸೋದರಮಾವ. ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ದಿನ ಯಾರು ಕೈಗೆ ಸಿಕ್ಕರೋ ಅವರು ಟ್ರಸ್ಟಿಗಳಾದರು. ನಮ್ಮಲ್ಲಿ ಅರ್ಧಕ್ಕರ್ಧ ಟ್ರಸ್ಟುಗಳು ಹುಟ್ಟುವುದೇ ಹೀಗೆ, ಅದರಲ್ಲಿ ತಪ್ಪೇನಿಲ್ಲ. ಹತ್ತು ವರ್ಷ ಆದಮೇಲೂ ಅದೇ ಮೂವರು ಉಳಿದುಬಿಡುವುದು ತೊಂದರೆ.

ಅವರು ನನ್ನ ಬಳಿ ಬಂದಿದ್ದು ಒಬ್ಬ ಸಹೋದ್ಯೋಗಿ ಕೆಲಸ ಬಿಟ್ಟರು ಅನ್ನೋ ಸಂಕಟಕ್ಕೆ. ಮೊದಲ ದಿನದಿಂದ ಜೊತೆಗಿದ್ದ ಹೆಣ್ಣುಮಗಳು. ಆಗಿದ್ದು ಇಷ್ಟು. ಕನ್ನಡ ಮಾತನ್ನ ಗುರುತಿಸುವ ಎಐ ಮಾಡುತ್ತಿದ್ದ ಒಂದು ಕಂಪನಿ ಇವರ ಬಳಿ ಇದ್ದ ಮಕ್ಕಳ ಧ್ವನಿಮುದ್ರಿಕೆಗಳನ್ನ ಕೇಳಿತು. ಒಳ್ಳೆ ದುಡ್ಡು ಕೊಡುತ್ತೇವೆ ಅಂದಿತು. ಸ್ಥಾಪಕರು ಕಾರು ಓಡಿಸುತ್ತಲೇ, ಫೋನ್‌ನಲ್ಲೇ, ಆಗಲ್ಲ ಅಂದುಬಿಟ್ಟರು. ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ಕೆಲವು ತಿಂಗಳಾದ ಮೇಲೆ ಆಕೆಗೆ ಇದು ಗೊತ್ತಾಗಿದ್ದು ಆ ಕಂಪನಿಯವರ ಬಾಯಿಂದಲೇ, ಯಾವುದೋ ಕಾರ್ಯಾಗಾರದ ಚಹಾ ವಿರಾಮದಲ್ಲಿ. ಮರುವಾರವೇ ರಾಜೀನಾಮೆ.

"ನಾನು ಮಾಡಿದ್ದು ಸರಿಯಲ್ವಾ ಮೇಡಂ? ಮಕ್ಕಳ ಧ್ವನಿ ಮಾರಲ್ಲ ಅಂದೆ. ಅವಳು ಹೊಗಳಬೇಕಿತ್ತು."

ಮಾಡಿದ್ದು ಸರಿಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನ ಎಲ್ಲರೂ ಮಕ್ಕಳೇ. ಅವರ ಮಾಹಿತಿ ಬಳಸಬೇಕಾದರೆ ತಂದೆ ತಾಯಿಯ ಒಪ್ಪಿಗೆ ಬೇಕು, ಅದು ಅವರದೇ ಒಪ್ಪಿಗೆ ಅಂತ ಖಾತ್ರಿಯೂ ಆಗಬೇಕು. ಓದಿನ ಪಾಠಕ್ಕೆ ಅಂತ ಹಿಡಿದ ಧ್ವನಿಯನ್ನ ಇನ್ನೊಂದು ಕಂಪನಿಯ ಯಂತ್ರಕ್ಕೆ ಉಣಿಸೋಕೆ ಆ ಹಳೇ ಒಪ್ಪಿಗೆ ಸಾಲದು. ಆದರೆ ಆಕೆಯ ತಕರಾರು ಅದಲ್ಲವೇ ಅಲ್ಲ. ರಾಜೀನಾಮೆ ಪತ್ರವನ್ನ ಅವರು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ತೆಗೆದು ಒಂದು ಸಾಲು ಓದಿದರು: "ಅಣ್ಣ, ನೀವು ಇಲ್ಲ ಅಂದಿದ್ದು ನಮಗೆ ಗೊತ್ತಾಗಲಿಲ್ಲ. ಹೌದು ಅಂದಿದ್ದರೂ ಗೊತ್ತಾಗುತ್ತಿರಲಿಲ್ಲ."

ಆ ಸಾಲು ಅವರಿಗೆ ಅರ್ಥವಾಗಿರಲಿಲ್ಲ. ಕೃತಘ್ನತೆ ಅಂತ ಅಂದುಕೊಂಡಿದ್ದರು. ಮೊದಲ ಕೆಲವು ಭೇಟಿಗಳು ಆ ಸಿಟ್ಟಿನಲ್ಲೇ ಕಳೆದವು. ಅದನ್ನೆಲ್ಲ ಇಲ್ಲಿ ಬರೆಯಲ್ಲ.

ಬರೆಯಬೇಕಾದ್ದು ಒಂದು ಭೇಟಿಯ ಬಗ್ಗೆ. ಅದು ತಿಂಗಳ ಕೊನೆಯ ದಿನ ಬಿದ್ದಿತ್ತು.

ನನ್ನ ಕೋಣೆಗೆ ಫೋನ್ ತರುವಂತಿಲ್ಲ. ಹೊರಗೆ ಒಂದು ಬೆತ್ತದ ಬುಟ್ಟಿ ಇದೆ, ಅದರಲ್ಲಿ ಹಾಕಿ ಬರಬೇಕು. ಅವತ್ತು ಅವರು ಬಾಗಿಲಲ್ಲೇ ನಿಂತು, "ಇವತ್ತೊಂದಿನ ಬಿಡಿ ಮೇಡಂ, ಸಂಬಳದ ದಿನ" ಅಂದರು. ಸರಿ ಅಂದೆ. ಕೂತು ಐದು ನಿಮಿಷ ಆಗಿರಲಿಲ್ಲ, ಫೋನ್ ಗುಂಯ್ ಅಂತು. ಅಕೌಂಟೆಂಟ್. ಇವರು ಪರದೆ ನೋಡಿ, "ನಾಲ್ಕು, ಏಳು, ಸೊನ್ನೆ, ಸೊನ್ನೆ, ಎರಡು, ಒಂಬತ್ತು" ಅಂದು ಇಟ್ಟರು. ಬ್ಯಾಂಕಿನ ಒಟಿಪಿ. ಮತ್ತೆ ಮಾತು ಶುರುವಾಯಿತು. ತಂದೆ ತೀರಿಕೊಂಡಾಗ ಶಾಲೆಯೊಂದರ ಉದ್ಘಾಟನೆಯಲ್ಲಿ ಇದ್ದೆ ಅನ್ನುತ್ತಿದ್ದರು. ಇದನ್ನ ಯಾರಿಗೂ ಹೇಳಿರಲಿಲ್ಲ ಅಂದರು. ದನಿ ಸಣ್ಣಗಾಗಿತ್ತು. ಮತ್ತೆ ಗುಂಯ್. ಈ ಸಲ ಸರ್ವರ್ ನೋಡಿಕೊಳ್ಳುವ ಹುಡುಗ. ಮತ್ತೆ ಆರು ಅಂಕಿ. ಆಮೇಲೆ ಪ್ಲೇ ಸ್ಟೋರ್ ಖಾತೆಯದ್ದು. ಆಮೇಲೆ ಮತ್ತೆ ಬ್ಯಾಂಕಿನದು, ಮೊದಲಿನದಕ್ಕೆ ಟೈಮ್ ಮುಗಿದಿತ್ತಂತೆ. ಕೊನೆಗೆ ಆದಾಯ ತೆರಿಗೆ ಪೋರ್ಟಲ್ಲು, ಆಡಿಟರ್ ಕಡೆಯಿಂದ.

ನಾನು ತಡೆಯಲಿಲ್ಲ. ನೋಡುತ್ತಾ ಕೂತೆ. ತಂದೆಯ ಸಾವಿನ ಮಾತು ಎರಡು ಸಲ ಅರ್ಧಕ್ಕೆ ತುಂಡಾಯಿತು. ಅದಕ್ಕಿಂತ ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ. ಪ್ರತಿ ಸಲ ಫೋನ್ ಬಂದಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ದನಿ ಗಟ್ಟಿಯಾಗುತ್ತಿತ್ತು. ಅಂಕಿ ಹೇಳಿ ಮುಗಿಸಿ ಫೋನನ್ನ ತೊಡೆಯ ಮೇಲೆ ಬೋರಲು ಇಡುವಾಗ ಮುಖದಲ್ಲಿ ಒಂದು ಸಣ್ಣ ಗೆಲುವು. ನಮ್ಮ ಕೂಡುಕುಟುಂಬಗಳಲ್ಲಿ ಅತ್ತೆಯ ಸೊಂಟದಲ್ಲಿ ಬೀಗದ ಕೈ ಗೊಂಚಲು ಇರುತ್ತಿತ್ತಲ್ಲ, ಉಗ್ರಾಣಕ್ಕೆ ಯಾರೇ ಹೋಗಬೇಕಾದರೂ ಆಕೆಯನ್ನ ಕೇಳಿಯೇ ಹೋಗಬೇಕು. ಆ ಗೊಂಚಲು ಈಗ ಫೋನಿನೊಳಗೆ ಸೇರಿದೆ, ಅಷ್ಟೇ.

"ಈ ನಂಬರ್‌ಗಳು ಬೇರೆಯವರ ಫೋನಿಗೆ ಹೋಗುವ ಹಾಗೆ ಮಾಡೋಕಾಗಲ್ವಾ?" ಅಂತ ಕೇಳಿದೆ.

"ಆಗುತ್ತೆ. ಟ್ರಸ್ಟ್ ಹೆಸರಲ್ಲಿ ಒಂದು ಸಿಮ್ ತಗೊಂಡ್ರೆ ಸಾಕು. ಬ್ಯಾಂಕಲ್ಲೂ ಇದೆ, ಒಬ್ಬರು ಹಾಕೋದು, ಇನ್ನೊಬ್ಬರು ಒಪ್ಪೋದು. ನಮ್ಮ ಮ್ಯಾನೇಜರ್ ಫಾರಂ ಕೂಡ ಕೊಟ್ಟಿದ್ರು."

"ಮತ್ತೆ?"

ಕಾರಣಗಳು ಬಂದವು. ಹಿಂದೆ ಒಬ್ಬ ಅಕೌಂಟೆಂಟ್ ಎಡವಟ್ಟು ಮಾಡಿದ್ದ. ಹುಡುಗರು ಕೆಲಸ ಬಿಡುತ್ತಾ ಇರುತ್ತಾರೆ. ಮಕ್ಕಳ ಡೇಟಾ ಇದೆ, ಹುಷಾರಾಗಿರಬೇಕು. ಎಲ್ಲವೂ ನ್ಯಾಯವಾದ ಕಾರಣಗಳೇ. ನಾನು ಸುಮ್ಮನಿದ್ದೆ. ಅವರೂ ಸುಮ್ಮನಾದರು. ಆಮೇಲೆ ಫೋನ್ ನೋಡುತ್ತಲೇ ಹೇಳಿದರು:

"ಇದೂ ನಿಂತ್ರೆ ನನ್ನನ್ನ ಯಾರು ಕೇಳ್ತಾರೆ ಮೇಡಂ? ನಾನೇನು ಅಲ್ಲಿ ಸಂಬಳಕ್ಕಿರೋನಾ?"

ಬೇರೆ ಸಲಹೆಗಾರರಾಗಿದ್ದರೆ ಬಹುಶಃ ಮೊದಲ ವಾಕ್ಯವನ್ನ ಹಿಡಿದುಕೊಳ್ಳುತ್ತಿದ್ದರು. ಒಂಟಿತನ, ಗುರುತಿನ ಪ್ರಶ್ನೆ, ತಂದೆ, ಎಲ್ಲ ಅದರಲ್ಲಿದೆ. ನಾನು ಎರಡನೆಯದನ್ನ ಹಿಡಿದೆ.

"ನೀವು ಸಂಬಳ ತಗೊಳ್ಳಲ್ವಾ?"

"ಇಲ್ಲ. ಶುರುವಿನಿಂದಲೂ ಇಲ್ಲ." ಮುಖದಲ್ಲಿ ಅದೇ ಗೆಲುವು. ಮೊದಲು ಉಳಿತಾಯದಲ್ಲಿ ನಡೆದಿತ್ತು. ಆಮೇಲೆ ಹೆಂಡತಿಯ ಸಂಬಳದಲ್ಲಿ. ಆಕೆ ಬ್ಯಾಂಕ್ ನೌಕರಿಯಲ್ಲಿದ್ದಾರೆ.

"ಈ ಹತ್ತು ವರ್ಷದಲ್ಲಿ ಆಫೀಸಿನಲ್ಲಿ ಯಾರಾದರೂ ನಿಮಗೆ, ಅಣ್ಣ ನೀವು ಮಾಡಿದ್ದು ತಪ್ಪು ಅಂತ ಹೇಳಿದ್ದಾರಾ?"

ತುಂಬಾ ಹೊತ್ತು ಯೋಚಿಸಿದರು. "ಹೇಗೆ ಹೇಳ್ತಾರೆ? ಒಂದು ರೂಪಾಯಿ ತಗೊಳ್ಳದೆ ದುಡಿಯೋನಿಗೆ ಯಾರು ಏನು ಹೇಳೋಕಾಗುತ್ತೆ?"

ಹೇಳಿ ಮುಗಿಸುವಾಗಲೇ ತಮ್ಮ ಮಾತು ತಮಗೇ ಕೇಳಿಸಿತು ಅನ್ನಿಸುತ್ತೆ. ಜೇಬಿನ ಮೇಲೆ ಕೈ ಹೋಯಿತು, ಆ ಪತ್ರ ಇದ್ದ ಜೇಬು. ತೆಗೆಯಲಿಲ್ಲ.

ಆಗ ನಾನು ಹೇಳಿದೆ: ಸಂಬಳ ತಗೊಳ್ಳಿ. ಎಷ್ಟು ಅಂತ ನೀವು ನಿರ್ಧಾರ ಮಾಡಬೇಡಿ, ಬೇರೆಯವರು ಮಾಡಲಿ. ವರ್ಷಕ್ಕೊಮ್ಮೆ ನಿಮ್ಮ ಕೆಲಸ ಹೇಗಿತ್ತು ಅಂತ ಅವರೇ ಕೂತು ನೋಡಲಿ.

ಅವರಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಕ್ಕರು, ಆಮೇಲೆ ಸಿಟ್ಟಾದರು. ಮುಂದಿನ ಭೇಟಿಗೆ ವಾದ ಕಟ್ಟಿಕೊಂಡೇ ಬಂದರು.

ಮೊದಲ ವಾದ, ಬೆಂಗಳೂರಿನವರಾದ್ದರಿಂದ, ಇನ್ಫೋಸಿಸ್‌ನದ್ದು. "ನಾರಾಯಣಮೂರ್ತಿಯವರು 2011ರಲ್ಲಿ ನಿವೃತ್ತರಾದ್ರು. ಕಂಪನಿ ಮಂಕಾಯ್ತು ಅಂತ 2013ರಲ್ಲಿ ವಾಪಸ್ ಕರೆದ್ರು. ಬಂದಿದ್ದು ವರ್ಷಕ್ಕೆ 1 ರೂಪಾಯಿ ಸಂಬಳಕ್ಕೆ. ಅವರೇ ಹಾಗೆ ಮಾಡಿದ್ದಾರೆ ಅಲ್ವಾ?"

ಹೌದು. ಆದರೆ ಆ 1 ರೂಪಾಯಿಯನ್ನ ಒಂದು ನಿರ್ದೇಶಕ ಮಂಡಳಿ ಒಪ್ಪಿಕೊಂಡಿತ್ತು, ಕಂಪನಿ ಅದನ್ನ ಊರಿಗೆಲ್ಲ ಹೇಳಿತ್ತು. ಕರೆದದ್ದೂ ಮಂಡಳಿಯೇ. ಮರುವರ್ಷ, 2014ರಲ್ಲಿ, ಸ್ಥಾಪಕರಲ್ಲದ ವಿಶಾಲ್ ಸಿಕ್ಕಾ ಅವರನ್ನ ಮುಖ್ಯಸ್ಥರನ್ನಾಗಿ ಮಾಡಿ ಮೂರ್ತಿಯವರು ಮತ್ತೆ ಹೊರಟರು. ಆಮೇಲೆ ಮೂರ್ತಿಯವರಿಗೂ ಮಂಡಳಿಗೂ ಆದ ಜಗಳ ಎಲ್ಲರಿಗೂ ಗೊತ್ತು, 2017ರಲ್ಲಿ ಸಿಕ್ಕಾ ಬಿಟ್ಟರು. ಅದು ಸರಿಯೋ ತಪ್ಪೋ, ಎಲ್ಲವೂ ಬೆಳಕಿನಲ್ಲಿ ನಡೆಯಿತು. ಪಕ್ಷ ವಹಿಸಲು, ವಿರೋಧಿಸಲು ಜನ ಇದ್ದರು. ಮೂರ್ತಿಯವರ ಬಳಿ ಷೇರೂ ಇತ್ತು ಅನ್ನಿ. "ನಿಮ್ಮ ಬಳಿ ಏನಿದೆ, ಹೆಂಡತಿಯ ಸಂಬಳ" ಅಂದೆ. ಸ್ವಲ್ಪ ಒರಟಾಯಿತು, ಆದರೆ ಅದನ್ನ ಯಾರಾದರೂ ಹೇಳಬೇಕಿತ್ತು.

ಎರಡನೆಯ ವಾದ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನದ್ದು. ಅವರ ನಿಜವಾದ ಭಯ ಇದ್ದದ್ದು ಇದರಲ್ಲಿ. 2023ರ ನವೆಂಬರ್ 17ಕ್ಕೆ ಅದರ ಲಾಭರಹಿತ ಮಂಡಳಿ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರನ್ನ ಇದ್ದಕ್ಕಿದ್ದ ಹಾಗೆ ತೆಗೆಯಿತು. "ಹೊರಗಿನವರನ್ನ ಮಂಡಳಿಗೆ ತಗೊಂಡ್ರೆ ನನಗೂ ಹೀಗೇ ಆಗುತ್ತೆ ಮೇಡಂ."

ನಾನು ಆ ಘಟನೆಯನ್ನ ಬೇರೆ ಥರ ಓದುತ್ತೇನೆ. ಆ ಮಂಡಳಿಗೆ ಕಾಗದದ ಮೇಲೆ ಪೂರ್ತಿ ಅಧಿಕಾರ ಇತ್ತು. ಹೆಚ್ಚಿನವರು ಸಂಬಳದವರೂ ಅಲ್ಲ, ಷೇರಿನವರೂ ಅಲ್ಲ, ಉದ್ದೇಶವನ್ನ ಕಾಯಲು ಕೂತವರು. ಆದರೂ ವಾರದೊಳಗೆ ಆಲ್ಟ್‌ಮನ್ ಮರಳಿದರು, ಮಂಡಳಿಯ ಹೆಚ್ಚಿನವರು ಹೋದರು. ಸುಮಾರು 770 ನೌಕರರಲ್ಲಿ 700ಕ್ಕೂ ಹೆಚ್ಚು ಜನ ನಾವೂ ಬಿಡುತ್ತೇವೆ ಅಂತ ಸಹಿ ಹಾಕಿದ್ದರು. ತಾನು ಯಾಕೆ ತೆಗೆದೆ ಅಂತ ಮಂಡಳಿ ಆಗ ವಿವರವಾಗಿ ಹೇಳಲೇ ಇಲ್ಲ. ಆಲ್ಟ್‌ಮನ್ ತಮ್ಮ ಜೊತೆ ಮುಚ್ಚುಮರೆಯಿಲ್ಲದೆ ಮಾತಾಡುತ್ತಿರಲಿಲ್ಲ ಅನ್ನೋ ಅರ್ಥದ ಒಂದು ವಾಕ್ಯ ಬಿಟ್ಟರೆ. ಸಣ್ಣ ಸಣ್ಣ ವಿಷಯಕ್ಕೆ ಬೇಡ ಅಂದು, ಯಾಕೆ ಬೇಡ ಅಂತ ಹೇಳಿ ರೂಢಿ ಇರುವ ಮಂಡಳಿಯಾಗಿದ್ದರೆ ಒಂದೇ ಏಟಿಗೆ ಕುತ್ತಿಗೆಗೆ ಬರುತ್ತಿರಲಿಲ್ಲ, ಬಂದಿದ್ದರೂ ಜನ ನಂಬುತ್ತಿದ್ದರು ಅನ್ನೋದು ನನ್ನ ಅಭಿಪ್ರಾಯ. ಇವರಿಗೆ ಹೇಳಿದ್ದೂ ಅಷ್ಟೇ. ನಿಮ್ಮನ್ನ ತೆಗೆಯುವ ಮಂಡಳಿ ಬೇಡ ಅಂತ ಇವತ್ತು ನಿಮ್ಮ ಟ್ಯಾಕ್ಸಿ ಬಿಲ್ ಕೇಳುವ ಮಂಡಳಿಯನ್ನೂ ಬೇಡ ಅನ್ನುತ್ತಿದ್ದೀರಿ.

ಮೂರನೆಯ ವಾದಕ್ಕೆ ಮಾತ್ರ ನನ್ನ ಬಳಿ ಸುಲಭದ ಉತ್ತರ ಇರಲಿಲ್ಲ. ದಾನಿಗಳಿಗೆ ಇದು ಇಷ್ಟ ಆಗಲ್ಲ ಅಂದರು. ನಿಜ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನ ಸಮಾಜದ ಕೆಲಸಕ್ಕೆ, ಅಂದರೆ ಸಿಎಸ್‌ಆರ್‌ಗೆ, ಕೊಡಬೇಕು ಅನ್ನೋ ನಿಯಮ 2014ರಲ್ಲಿ ಬಂತು. ಆ ದುಡ್ಡಿನಿಂದ ಎಷ್ಟೋ ಸಂಸ್ಥೆಗಳು ಬೆಳೆದವು. ಜೊತೆಗೆ, ಒಂದು ರೂಪಾಯಿಯೂ ಆಡಳಿತಕ್ಕೆ ಹೋಗಬಾರದು ಅನ್ನೋ ಹಟವೂ ಬೆಳೆಯಿತು. ಆಡಳಿತ ಖರ್ಚು ಶೇ 5 ಮೀರಬಾರದು ಅನ್ನೋ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ. ಅದನ್ನ ತಂದು ಹಳ್ಳಿಯಲ್ಲಿ ಕೆಲಸ ಮಾಡುವ ಸಂಸ್ಥೆಯ ತಲೆಗೆ ಕಟ್ಟುತ್ತಾರೆ. ವಿದೇಶಿ ದೇಣಿಗೆಯಲ್ಲಂತೂ ಕಾನೂನೇ ಬಿಗಿಯಾಗಿದೆ. 2020ರ ತಿದ್ದುಪಡಿ ಆಡಳಿತ ಖರ್ಚಿನ ಮಿತಿಯನ್ನ ಶೇ 50ರಿಂದ ಶೇ 20ಕ್ಕೆ ಇಳಿಸಿತು. ಇಂಥ ಕಡೆ ಸಂಬಳ ಬೇಡ ಅನ್ನುವ ಸ್ಥಾಪಕ ಸಿಕ್ಕರೆ ದಾನಿಗೆ ಖುಷಿ. ವೇದಿಕೆ ಮೇಲೆ ನಿಲ್ಲಿಸಿ ಶಾಲು ಹೊದಿಸುತ್ತಾರೆ. ಆ ಮನುಷ್ಯನ ಸಂಸ್ಥೆಯಲ್ಲಿ ಅವನಿಗೆ ಎದುರಾಡುವವರು ಯಾರಿದ್ದಾರೆ ಅಂತ ಕೇಳುವುದಿಲ್ಲ.

ಸಲಹೆ ಸಂಬಳದಲ್ಲಿ ಮುಗಿಯಲಿಲ್ಲ. ಅದರ ಹಿಂದೆ ಇನ್ನೊಂದಿಷ್ಟು ಬಂತು. ಟ್ರಸ್ಟ್ ಡೀಡ್ ತರಿಸಿ ನೋಡಿದರೆ, ಟ್ರಸ್ಟಿಗಳು ಸಂಭಾವನೆ ಪಡೆಯತಕ್ಕದ್ದಲ್ಲ ಅಂತ ಇತ್ತು. ಎಷ್ಟೋ ಡೀಡ್‌ಗಳಲ್ಲಿ ಈ ಸಾಲು ಇರುತ್ತದೆ. ಅಂದರೆ ಅವರು ಒಂದನ್ನ ಆರಿಸಬೇಕಿತ್ತು: ಟ್ರಸ್ಟಿಯಾಗಿ ಉಳಿದು ದಿನದ ಕೆಲಸ ಬಿಡುವುದು, ಇಲ್ಲವೇ ಟ್ರಸ್ಟಿ ಸ್ಥಾನ ಬಿಟ್ಟು ಸಂಬಳದ ಮುಖ್ಯಸ್ಥರಾಗುವುದು. ಸಂಸ್ಥಾಪಕರಿಗೋ ಅವರ ಮನೆಯವರಿಗೋ ಕೊಡುವ ಸಂಬಳ ಕೆಲಸಕ್ಕೆ ತಕ್ಕಷ್ಟೇ ಇರಬೇಕು, ಜಾಸ್ತಿಯಾದರೆ ತೆರಿಗೆ ವಿನಾಯಿತಿಗೇ ಸಂಚಕಾರ. ಅದನ್ನ ಆಡಿಟರ್ ಹತ್ತಿರ ಮಾತಾಡಿ ಅಂದೆ, ಅದು ನನ್ನ ವಿಷಯ ಅಲ್ಲ. ಮನೆಯವರಲ್ಲದ ಇಬ್ಬರನ್ನಾದರೂ ಟ್ರಸ್ಟಿಗಳಾಗಿ ತನ್ನಿ ಅಂದೆ, ನಿಮ್ಮನ್ನ ಅಣ್ಣ ಅನ್ನದವರಾಗಿರಲಿ. ಪ್ರತಿ ಸಭೆಯಲ್ಲಿ ಕೊನೆಯ ಅರ್ಧ ಗಂಟೆ ನೀವು ಹೊರಗೆ ಹೋಗಿ, ಅವರು ನಿಮ್ಮ ಬಗ್ಗೆ ಮಾತಾಡಿಕೊಳ್ಳಲಿ. ಮಕ್ಕಳ ಡೇಟಾ ಯಾರೇ ಕೇಳಿದರೂ, ಉತ್ತರ ಬೇಡ ಅಂತಲೇ ಆಗಿದ್ದರೂ, ಅದು ನಡಾವಳಿ ಪುಸ್ತಕದಲ್ಲಿ ಇರಲಿ. ಒಟಿಪಿ ಸಿಮ್ ಆಫೀಸಿನ ಬೀರುವಿಗೆ ಹೋಗಲಿ.

ರಜೆ ತಗೊಳ್ಳಿ, ಹಿಮಾಲಯಕ್ಕೆ ಹೋಗಿ ಬನ್ನಿ ಅಂತ ಮಾತ್ರ ನಾನು ಹೇಳಲಿಲ್ಲ. ಎಲ್ಲರೂ ಅದನ್ನೇ ಹೇಳಿದ್ದರು. ಇದೇ ವ್ಯವಸ್ಥೆ ಇಟ್ಟುಕೊಂಡು ರಜೆಗೆ ಹೋದರೆ ಸಂಸ್ಥೆಯ ಸಂಬಳ ನಿಲ್ಲುತ್ತದೆ, ಓಡಿ ಬರುತ್ತಾರೆ, ನೋಡಿ ನಾನಿಲ್ಲದೆ ನಡೆಯಲ್ಲ ಅನ್ನುತ್ತಾರೆ. ನಾನಿಲ್ಲದೆ ನಡೆಯಲ್ಲ ಅನ್ನೋದು ಇನ್ನೂ ಗಟ್ಟಿಯಾಗುತ್ತದೆ.

ಈಗ ತಕರಾರಿನ ವಿಷಯ. ನಾವು ಕೆಲವು ಸಲಹೆಗಾರರು ಆಗಾಗ ಸೇರಿ, ಹೆಸರು ಹೇಳದೆ ಪ್ರಕರಣಗಳನ್ನ ಚರ್ಚಿಸುತ್ತೇವೆ. ಅಲ್ಲಿ ಇದನ್ನ ಇಟ್ಟಾಗ ಹಿರಿಯರೊಬ್ಬರು, "ನೀನು ಆಪ್ತಸಲಹೆ ಮಾಡಿದ್ದಾ, ಕಂಪನಿ ಕನ್ಸಲ್ಟೆಂಟ್ ಕೆಲಸ ಮಾಡಿದ್ದಾ?" ಅಂದರು. ಅವರ ಮಾತಿನಲ್ಲಿ ತೂಕ ಇದೆ. ಹೀಗೆ ಮಾಡಿ ಅಂತ ನೇರವಾಗಿ ಹೇಳಬಾರದು, ಬಂದವರೇ ದಾರಿ ಕಂಡುಕೊಳ್ಳಬೇಕು ಅನ್ನೋದು ನಮಗೆ ಕಲಿಸಿದ ಮೊದಲ ಪಾಠ. ನಾನೂ ಹೆಚ್ಚಿನ ಸಲ ಹಾಗೇ ನಡೆಯುತ್ತೇನೆ. ಇವರ ವಿಷಯದಲ್ಲೂ ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ. ಮನೋವೈದ್ಯರ ಬಳಿ ಕಳಿಸಿದ್ದೆ, ಸದ್ಯಕ್ಕೆ ಮಾತ್ರೆ ಬೇಡ ಅಂದಿದ್ದರು. ಮಲಗುವ ಕೋಣೆಯಿಂದ ಲ್ಯಾಪ್‌ಟಾಪ್ ಹೊರಗೆ ಹೋಗಿತ್ತು. ತಂದೆಯ ವಿಷಯ ಮಾತಾಡಿದ್ದೆವು, ಅದಕ್ಕೆ ಬೇಕಾದ ಹೊತ್ತನ್ನೇ ಕೊಟ್ಟಿದ್ದೆವು.

ಆದರೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಬರ್ನ್‌ಔಟ್ ಅನ್ನೋದನ್ನ ಕಾಯಿಲೆ ಅನ್ನುವುದಿಲ್ಲ. ಕೆಲಸದ ಜಾಗದ ಒತ್ತಡ ಸರಿಯಾಗಿ ನಿಭಾಯಿಸದೆ ಉಳಿದಾಗ ಹುಟ್ಟುವ ಸ್ಥಿತಿ ಅನ್ನುತ್ತದೆ. ಹುಟ್ಟಿದ್ದು ಕೆಲಸದ ಜಾಗದಲ್ಲಿ ಅಂದಮೇಲೆ ಆ ಜಾಗದ ಬಗ್ಗೆ ಮಾತಾಡದೆ ಉಸಿರಾಟ ಕಲಿಸಿ ಕಳಿಸಿದರೆ, ಅವರು ಇನ್ನೂ ನಾಲ್ಕು ವರ್ಷ ಅದೇ ಥರ ಒಟಿಪಿ ಓದಲು ನಾನು ಶಕ್ತಿ ಕೊಟ್ಟಂತಾಗುತ್ತದೆ. ಜೊತೆಗೆ, ನನ್ನೆದುರು ಕೂತಿದ್ದು ಒಬ್ಬರೇ ಆದರೂ, ಅವರ ಹಿಂದೆ ಮೂವತ್ತು ಜನರ ಸಂಬಳ, ಸಾವಿರಾರು ಮಕ್ಕಳ ಧ್ವನಿ ಇತ್ತು. ಅವರನ್ನ ಮರೆತು ಸಲಹೆ ಕೊಡೋಕೆ ನನಗೆ ಬರಲ್ಲ. ಹಿರಿಯರು ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ.

ಹೆಂಡತಿಯನ್ನ ಒಂದು ಸಲ ಕರೆಸಿದ್ದೆ. ಕಡಿಮೆ ಮಾತಿನ ಹೆಂಗಸು. ಟ್ರಸ್ಟಿ ಆಗಿ ಏನು ಮಾಡುತ್ತೀರಿ ಅಂತ ಕೇಳಿದೆ. "ಇವರು ತೋರಿಸಿದ ಕಡೆ ಸಹಿ ಹಾಕ್ತೀನಿ" ಅಂದರು. ಆಮೇಲೆ, ಗಂಡನ ಕಡೆ ನೋಡದೆ, "ತ್ಯಾಗ ಮಾಡಿದ್ರು ಅಂತ ಇವರಿಗೆ ಶಾಲು ಹೊದಿಸ್ತಾರೆ. ಮನೆ ಬಾಡಿಗೆ ಕಟ್ಟಿದೋಳು ನಾನು" ಅಂದರು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ, ಲೆಕ್ಕ ಒಪ್ಪಿಸಿದ ಹಾಗಿತ್ತು. ಸ್ಥಾಪಕರು ಅದನ್ನ ಮೊದಲ ಸಲ ಕೇಳಿಸಿಕೊಂಡರು ಅಂದರೆ ನಂಬುವುದು ಕಷ್ಟ, ಆದರೆ ಹಾಗೇ ಕಂಡಿತು.

ನಡುವೆ ಒಂದು ದಿನ, ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಕಾರ್ಡುಗಳ ಜೊತೆ ಆಡುತ್ತಾ ಕಲಿಯುವ ನಲಿ-ಕಲಿಯ ಮಾತು ಬಂತು. ಅವರ ಆ್ಯಪ್ ಆ ಪದ್ಧತಿಯಿಂದ ತುಂಬಾ ಕಲಿತಿದೆ. 1995ರ ಹೊತ್ತಿಗೆ ಎಚ್.ಡಿ. ಕೋಟೆಯ ಕೆಲವು ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಮ್ಮದೇ ಕಾರ್ಡು, ತಮ್ಮದೇ ಕಲಿಕೆ ಏಣಿ ಮಾಡಿಕೊಂಡು ಶುರು ಮಾಡಿದರು. ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಹಬ್ಬುವಾಗ ಕೆಲವು ಕಡೆ ಸೊರಗಿತು, ಬರೀ ಕಾರ್ಡು ಹಂಚುವ ಕೆಲಸವಾಯಿತು ಅನ್ನುವವರೂ ಇದ್ದಾರೆ. ಆದರೂ ಶುರುವಿನಲ್ಲಿ ಅದನ್ನ ತಮ್ಮ ಮಕ್ಕಳಿಗೆ ತಕ್ಕಂತೆ ಕಟ್ಟಿಕೊಂಡವರು ಶಿಕ್ಷಕರೇ. "ಅದನ್ನ ಶುರು ಮಾಡಿದವರ ಹೆಸರು ಹೇಳಿ ನೋಡೋಣ" ಅಂದೆ. ಅವರಿಗೆ ಒಂದೇ ಒಂದು ಹೆಸರು ನೆನಪಾಗಲಿಲ್ಲ. "ಅದೇ ನನ್ನ ಭಯ ಮೇಡಂ" ಅಂದರು. ಸಮಾಧಾನ ಹೇಳುವ ಮಾತು ನನ್ನ ಬಳಿ ಇರಲಿಲ್ಲ. ಆ ಭಯ ಸುಳ್ಳಲ್ಲ. ಅದನ್ನ ಇಟ್ಟುಕೊಂಡೇ ಸಿಮ್ ಕೊಡಬೇಕು ಅಂದೆ.

ಅವರ ಆಫೀಸಿನಲ್ಲಿ ಹೊಸದು ಹುಟ್ಟುವುದು ನಿಂತು ಕೆಲವು ವರ್ಷವಾಗಿತ್ತು ಅನ್ನೋದು ಇಲ್ಲೇ ಹೊರಬಂತು. ಕಲಬುರಗಿ ಕಡೆಯ ಮಕ್ಕಳು ಓದುವ ಧಾಟಿಯನ್ನ ಆ್ಯಪ್ ತಪ್ಪು ಅಂತ ತೋರಿಸುತ್ತಿತ್ತಂತೆ. ಅಲ್ಲಿಂದ ಬಂದ ಒಬ್ಬ ಹುಡುಗ ಅದನ್ನ ತಿದ್ದಿ ತೋರಿಸಿದ್ದ. ಅಣ್ಣ ನೋಡಬೇಕು, ಅಣ್ಣನಿಗೆ ಟೈಮ್ ಇಲ್ಲ ಅಂತ ಅದು ವರ್ಷಗಟ್ಟಲೆ ಕೂತಿತ್ತು. ಹುಡುಗ ಈಗ ಬೇರೆ ಕಂಪನಿಯಲ್ಲಿದ್ದಾನೆ.

ಏನಾಯಿತು ಅಂತ ಕೇಳುವವರಿಗೆ: ಎಲ್ಲ ಸರಿಹೋಯಿತು ಅಂತೇನಿಲ್ಲ. ತಿಂಗಳುಗಟ್ಟಲೆ ಮೀನಮೇಷ ಎಣಿಸಿ ಅವರು ಟ್ರಸ್ಟಿ ಸ್ಥಾನ ಬಿಟ್ಟರು. ಸೋದರಮಾವ ಖುಷಿಯಿಂದಲೇ ಬಿಟ್ಟರು, ಅವರಿಗೆ ಸಭೆಯ ಬೋಂಡಾ ಬಿಟ್ಟರೆ ಬೇರೇನೂ ನೆನಪಿರಲಿಲ್ಲ. ನಿವೃತ್ತ ಮುಖ್ಯೋಪಾಧ್ಯಾಯಿನಿ ಒಬ್ಬರು, ಪರಿಚಯವಿಲ್ಲದ ಲೆಕ್ಕಪರಿಶೋಧಕರೊಬ್ಬರು ಬಂದರು. ಹೆಂಡತಿ ಉಳಿದಿದ್ದಾರೆ, ಈಗ ಓದಿ ಸಹಿ ಹಾಕುತ್ತಾರಂತೆ. ಅದು ಅಷ್ಟು ಸರಿಯಲ್ಲ ಅಂತ ನನ್ನ ಅನಿಸಿಕೆ, ಗಂಡನ ಸಂಬಳಕ್ಕೆ ಹೆಂಡತಿ ಕೈ ಎತ್ತುವುದು. ಆ ವಿಷಯ ಬಂದಾಗ ಆಕೆ ಹೊರಗೆ ಹೋಗುತ್ತಾರೆ ಅಂತ ತಿಳಿಯಿತು. ಸಂಬಳ ಎಷ್ಟು ಅಂತ ಕೂತಾಗ ಸ್ಥಾಪಕರು ಅರ್ಧ ಸಾಕು ಅಂದರಂತೆ. ಮುಖ್ಯೋಪಾಧ್ಯಾಯಿನಿ ಒಪ್ಪಲಿಲ್ಲ. "ಅರ್ಧ ತಗೊಂಡ್ರೆ ಅರ್ಧ ತ್ಯಾಗ ಉಳಿಯುತ್ತೆ, ನಮಗೆ ಬೇಡ" ಅಂದರಂತೆ. ನಾನು ಅವರನ್ನ ನೋಡಿಲ್ಲ, ನೋಡಬೇಕು ಅನ್ನಿಸಿದೆ.

ಮೊದಲ ಸಭೆಯಲ್ಲೇ ಲೆಕ್ಕಪರಿಶೋಧಕರು ವಿಮಾನ ನಿಲ್ದಾಣದ ಒಂದು ಟ್ಯಾಕ್ಸಿ ಬಿಲ್ ಬಗ್ಗೆ ಕೇಳಿದರು. ಸ್ಥಾಪಕರು ಉರಿದುಕೊಂಡು ನನ್ನ ಬಳಿ ಬಂದರು. "ಹತ್ತು ವರ್ಷ ಬಿಟ್ಟಿ ದುಡಿದೋನನ್ನ ಟ್ಯಾಕ್ಸಿ ಬಿಲ್ ಕೇಳ್ತಾರೆ!" ನನಗೆ ನಗು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರಿಗೂ.

ನಿದ್ದೆ ಮೊದಲಿಗಿಂತ ಮೇಲು. ರಾತ್ರಿ ಎರಡಕ್ಕೆ ಎಚ್ಚರ ಈಗಲೂ ಆಗುತ್ತದೆ. ಬಿಟ್ಟು ಹೋದ ಸಹೋದ್ಯೋಗಿ ವಾಪಸ್ ಬರಲಿಲ್ಲ. ಕ್ಷಮೆ ಕೇಳಿ ಬರೆದ ಪತ್ರಕ್ಕೆ ಒಳ್ಳೆಯದಾಗಲಿ ಅಂತ ಒಂದು ಸಾಲಿನ ಉತ್ತರ ಬಂತು, ಅಷ್ಟೇ. ಸಂಸ್ಥೆಯ ವೆಬ್‌ಸೈಟ್ ಹೆಸರು, ಅಂದರೆ ಡೊಮೈನ್, ಮಾತ್ರ ಇನ್ನೂ ಸ್ಥಾಪಕರ ಸ್ವಂತ ಇಮೇಲಿನಲ್ಲಿದೆ, ಮುಂದಿನ ನವೀಕರಣಕ್ಕೆ ಬದಲಿಸುತ್ತೇನೆ ಅನ್ನುತ್ತಾರೆ.

ದಾನಿಗಳ ವಿಷಯದಲ್ಲಿ ಅವರ ಭಯ ನಿಜವಾಯಿತು. ಒಂದು ಕಂಪನಿಯ ಅರ್ಜಿಯಲ್ಲಿ, ಸಂಸ್ಥಾಪಕರು ಸಂಬಳ ಪಡೆಯುತ್ತಾರೆಯೇ ಅನ್ನೋ ಪ್ರಶ್ನೆಗೆ ಹೌದು ಅಂತ ಬರೆದದ್ದಕ್ಕೆ ಅಂಕ ಹೋಯಿತು, ಅನುದಾನವೂ ಕೈತಪ್ಪಿತು. ಇದನ್ನ ಓದುವವರಲ್ಲಿ ಅಂಥ ಅರ್ಜಿ ನಮೂನೆ ತಯಾರು ಮಾಡುವವರು ಯಾರಾದರೂ ಇದ್ದರೆ, ಆ ಪ್ರಶ್ನೆ ತೆಗೆದುಬಿಡಿ. ಅದರ ಜಾಗದಲ್ಲಿ, ಮುಖ್ಯಸ್ಥರ ಸಂಬಳ ನಿರ್ಧರಿಸಿದ್ದು ಯಾರು, ಯಾವ ಸಭೆಯಲ್ಲಿ, ಆಗ ಮುಖ್ಯಸ್ಥರು ಕೋಣೆಯಲ್ಲಿದ್ದರಾ ಅಂತ ಕೇಳಿ. ನಡಾವಳಿಯ ಪ್ರತಿಯನ್ನೂ ಕೇಳಿ.